ಪುಲ್ಲಿ ಲೆಕ್ಕ ಎಂಟನೇ ಕ್ಲಾಸಿನ ಪುಸ್ತಕದಾಗೇ ಐತ್ರಿ

ಮಾನ್ಯ ಸಂಪಾದಕರಿಗೆ ಗಂಗಾವತಿಯಿಂದ ನಮಸ್ಕಾರ.

ಸರ್, ನಾನು ಇಲ್ಲಿ ಲೇತ್ (ಕಬ್ಬಿಣ ತಿರುಗಿಸಿ ಕೊರಿಯೋ ಮಷಿನ್) ವರ್ಕ್‌ಶಾಪ್ ಇಟ್ಕೊಂಡು 26 ವರ್ಷ ಆತು. ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐ ಫಿಟ್ಟರ್ ಮಾಡಿ, ನಾಲ್ಕು ವರ್ಷ ಬ್ಯಾರೆಯವ್ರ ಕೈಕೆಳಗ ದುಡಿದು, ಆಮ್ಯಾಲೆ ಸ್ವಂತ ಶಾಪ್ ಹಾಕಿದೋನು. ನಮ್ಮದು ಭತ್ತದ ಸೀಮಿ, ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಯಾವ ಕಡಿ ಹೋದ್ರೂ ರಸ್ತೆ ಬಾಜೂಕ ರೈಸ್ ಮಿಲ್, ಹಂಗಾಗಿ ನಮ್ಮ ಶಾಪಿಗೆ ಬರೋ ಕೆಲಸಾನೂ ಜಾಸ್ತಿ ಮಿಲ್ಲಿಂದೇ, ಶಾಫ್ಟ್ ಸವದೈತಿ, ಬೇರಿಂಗ್ ಹೋಗೈತಿ, ಪುಲ್ಲಿ (ಬೆಲ್ಟ್ ಹಾಕೋ ಗಾಲಿ) ಒಡದೈತಿ ಅಂತ ಸೀಸನ್‌ನಾಗ ರಾತ್ರಿ ಹನ್ನೊಂದಕ್ಕೂ ಫೋನ್ ಬರ್ತಾವ. ಇಷ್ಟು ವರ್ಷದಾಗ ನನ್ನ ಹತ್ರ ಕೆಲಸ ಕಲಿಯಾಕ ಬಂದ ಹುಡುಗ್ರು ನಲವತ್ತರ ಮ್ಯಾಲೆ ಆಗ್ಯಾರ, ಕೆಲವ್ರು ಐಟಿಐ ಮುಗಿಸಿ ಬಂದೋರು, ಕೆಲವ್ರು ಎಸ್ಸೆಸ್ಸೆಲ್ಸಿ ಫೇಲಾಗಿ ಸೀದಾ ಬಂದೋರು. ಅವ್ರನ್ನ ನೋಡಿ ನೋಡಿ ನನಗ ಒಂದು ಮಾತು ಗಟ್ಟಿ ಆಗೈತಿ, ಅದನ್ನ ಹೇಳಾಕ ಈ ಪತ್ರ, ಸ್ವಲ್ಪ ಉದ್ದ ಆಗೈತಿ, ದಯವಿಟ್ಟು ಪೂರ್ತಿ ಹಾಕ್ರಿ.

ಈಗ ಎಲ್ಲಿ ನೋಡಿದ್ರೂ ಸ್ಕಿಲ್ ಸ್ಕಿಲ್ ಅಂತಾರ. ಐಟಿಐಗಳಿಗೆ ಹೊಸ ಮಷಿನ್ ಬಂದಾವ, ಟಾಟಾ ಟೆಕ್ನಾಲಜೀಸ್ ಜೋಡಿ ಸೇರಿ ಸರ್ಕಾರ ರಾಜ್ಯದ 150 ಸರ್ಕಾರಿ ಐಟಿಐಗಳನ್ನ ಮೇಲ್ದರ್ಜೆಗೆ ಏರಿಸೋ ಕೆಲಸ ಮಾಡೈತಿ, ಒಳ್ಳೇದು, ಅದು ಬೇಕಾಗಿತ್ತು. ಆದ್ರ ಎಲ್ಲಾರೂ ಮಾತಾಡೋದು ಹೆಂಗಂದ್ರ ಕೌಶಲ ಅನ್ನೋದು ಹುಡುಗ ಐಟಿಐ ಗೇಟಿನೊಳಗ ಕಾಲಿಟ್ಟ ದಿನಾನೇ ಶುರು ಆಗ್ತೈತಿ ಅನ್ನೋ ಹಂಗ. ನಾ ಹೇಳೋದು, ಅದು ನಮ್ಮೂರ ಸಾದಾ ಸರ್ಕಾರಿ ಶಾಲಿಯ ಐದನೇ ಕ್ಲಾಸಿನ ಭಿನ್ನರಾಶಿ ಪಾಠದಾಗ ಶುರು ಆಗ್ತೈತ್ರಿ. ಅಲ್ಲಿ ಬಿಟ್ಟು ಹೋಗಿದ್ದನ್ನ ಎರಡು ವರ್ಷದ ಐಟಿಐನಾಗ ತುಂಬಿಸಾಕ ಆಗಂಗಿಲ್ಲ, ನನ್ನಂಥ ಶಾಪಿನವ್ರ ಕೈಲಂತೂ ಆಗಂಗೇ ಇಲ್ಲ.

ಒಂದು ಘಟನೆ ಹೇಳ್ತೀನಿ. ಒಂದು ಮಿಲ್ಲಿನವ್ರು ಫೋನ್ ಮಾಡಿ ಬ್ಲೋವರ್ ಸ್ಪೀಡ್ ಸಾಲವಲ್ದು, ಹೊಟ್ಟು ಸರಿಯಾಗಿ ಹಾರವಲ್ದು, ಪುಲ್ಲಿ ಚೇಂಜ್ ಮಾಡಿಕೊಡ್ರಿ ಅಂದ್ರು. ಮೋಟರ್ 1440 ಆರ್‌ಪಿಎಂ, ಮೋಟರಿಗೆ 4 ಇಂಚಿನ ಪುಲ್ಲಿ, ಬ್ಲೋವರಿಗೆ 12 ಇಂಚಿನ ಪುಲ್ಲಿ, ಅಂದ್ರ ಬ್ಲೋವರ್ ನಿಮಿಷಕ್ಕ 480 ಸುತ್ತು ಸುತ್ತಾಕತ್ತಿತ್ತು. ಅವ್ರಿಗೆ ಬೇಕಾಗಿದ್ದು 575ರ ಆಜುಬಾಜು. ನಾನು ಅವತ್ತು ರಾಯಚೂರಿಗೆ ಹೋಗಿದ್ದೆ, ಶಾಪ್‌ನಾಗ ಇದ್ದೋನು ಐಟಿಐ ಫಿಟ್ಟರ್ ಪಾಸಾಗಿ ಬಂದು ಐದು ತಿಂಗಳಾಗಿದ್ದ ಹುಡುಗ, ಕೈ ಭಾಳ ಚಲೋ ಅವಂದು, ಫೈಲ್ ಹಿಡಿದ್ರ ನೋಡ್ತಾ ಕೂರ್ಬೇಕು ಹಂಗ ಮಟ್ಟ ತಗೀತಾನ. ಅವ ಏನ್ ಮಾಡ್ದ ಅಂದ್ರ ಸ್ಪೀಡ್ ಜಾಸ್ತಿ ಬೇಕು ಅಂದ್ರ ಪುಲ್ಲಿನೂ ದೊಡ್ಡದು ಬೇಕು ಅಂತ ತಿಳ್ಕೊಂಡು ಬ್ಲೋವರಿಗೆ 14 ಇಂಚಿಂದು ಹಾಕಿ ಬಂದ. ಬ್ಲೋವರಿನ ಪುಲ್ಲಿ ದೊಡ್ಡದಾದಷ್ಟು ಅದು ಸುತ್ತೋದು ಕಡಿಮಿ ಆಗ್ತೈತಿ, ಸ್ಪೀಡ್ 480 ಇದ್ದದ್ದು 411ಕ್ಕ ಇಳೀತು. ಮೊದಲು ಸ್ವಲ್ಪಾನಾದ್ರೂ ಹಾರ್ತಿದ್ದ ಹೊಟ್ಟು ಈಗ ಅಕ್ಕಿ ಜೋಡಿನೇ ಬರಾಕತ್ತು, ಅರ್ಧ ದಿನ ಮಿಲ್ ನಿಂತು, ಅವ್ರು ನನಗ ಬೈದ್ರು, ಬೈಯೋದು ನ್ಯಾಯಾನೇ.

ಸಂಜಿಗೆ ಬಂದು ಹುಡುಗನ್ನ ಕೂಡ್ರಿಸ್ಕೊಂಡೆ. ಬೈಲಿಲ್ಲ. "ತಮ್ಮಾ, ಹತ್ತು ಮಂದಿ ಒಂದು ಹೊಲದ ಕಳೆ ಆರು ದಿನದಾಗ ತಗೀತಾರ, ಅದೇ ಹೊಲಕ್ಕ ಹದಿನೈದು ಮಂದಿ ಹಚ್ಚಿದ್ರ ಎಷ್ಟು ದಿನ ಹಿಡಿತೈತಿ" ಅಂತ ಕೇಳ್ದೆ. ಕಣ್ಣು ಮುಚ್ಚಿ ತಗಿಯೋದ್ರಾಗ "ನಾಲ್ಕು ಅಣ್ಣಾ" ಅಂದ. ಸರಿ ಐತಿ. "ಹೆಂಗ್ ಬಂತು" ಅಂದೆ, "ಹತ್ತಾರ್ಲೆ ಅರವತ್ತು, ಅರವತ್ತನ್ನ ಹದಿನೈದರಿಂದ ಭಾಗ ಮಾಡ್ದೆ" ಅಂದ. "ಹಂಗಾದ್ರ 1440ನ್ನ 4ರಿಂದ ಗುಣಿಸಿ 576ರಿಂದ ಭಾಗ ಮಾಡು" ಅಂದೆ. ಚಾಕ್‌ಪೀಸ್ ತಗೊಂಡು ಅಲ್ಲೇ ನೆಲದ ಮ್ಯಾಲೆ ಬರ್ದ, 5760, ಭಾಗಿಸಿದ್ರ 10. ಹತ್ತು ಇಂಚು. ಅದನ್ನೇ ನೋಡ್ಕೋತ ನಿಂತ, ಆಮ್ಯಾಲೆ ಮೆಲ್ಲಕ "ಅಣ್ಣಾ, ಇದು ಎಂಟನೇ ಕ್ಲಾಸಿನ ವಿಲೋಮ ಅನುಪಾತ ಅಲ್ಲೇನು" ಅಂದ.

ಹೌದು ಅದೇ. ಸಂಪಾದಕರೇ, ನನ್ನ ಹೊಟ್ಟಿಯಾಗ ಸಂಕಟ ಆಗಿದ್ದು ಇಲ್ಲೇ. ಆ ಹುಡುಗನಿಗೆ ಶಾಲಿಯಾಗ ಕಲಿಸ್ಯಾರ, ಅವ ಕಲ್ತಾನ, ಪರೀಕ್ಷಿಯಾಗ ಮಾರ್ಕ್ಸೂ ತಗೊಂಡಾನ. ಆದ್ರ ಅದು ಹೊಲದಾಗ ಕಳೆ ತಗಿಯೋ ಆಳುಗಳ ಲೆಕ್ಕ ಆಗೇ ಉಳೀತು, ಜಗತ್ತಿನಾಗ ಒಂದು ಹೆಚ್ಚಾದಾಗ ಇನ್ನೊಂದು ಕಡಿಮಿ ಆಗೋ ಕಡಿಯೆಲ್ಲಾ ಇದೇ ಲೆಕ್ಕ ನಡೀತೈತಿ ಅಂತ ಅವನಿಗೆ ಯಾರೂ ತೋರಿಸಲಿಲ್ಲ, ಹತ್ತು ವರ್ಷ ಶಾಲಿಯಾಗೂ ತೋರಿಸಲಿಲ್ಲ, ಎರಡು ವರ್ಷ ಐಟಿಐನಾಗೂ ತೋರಿಸಲಿಲ್ಲ. ಇದು ಅವನ ತಪ್ಪಲ್ಲ. ಒಬ್ಬ ಮೇಷ್ಟ್ರ ತಪ್ಪು ಅಂತಾನೂ ನಾ ಹೇಳಂಗಿಲ್ಲ.

ಐಟಿಐ ಒಳಗ ಏನು ಕಲಿಸ್ತಾರ ಅಂತ ಭಾಳ ಮಂದಿ ಪಾಲಕರಿಗೆ ಗೊತ್ತಿಲ್ಲ, ಶಾಲಿ ಮೇಷ್ಟ್ರುಗಳಿಗೂ ಗೊತ್ತಿರಂಗಿಲ್ಲ, ಹಂಗಾಗಿ ಸ್ವಲ್ಪ ಹೇಳ್ತೀನಿ. ಈಗಿನ ಐಟಿಐ ಪದ್ಧತಿ 1950ರಿಂದ ಬಂದದ್ದು. ಎಂಟನೇ ಕ್ಲಾಸ್ ಪಾಸಾದ್ರ ವೆಲ್ಡರ್‌ಗೆ ಸೇರ್ಬೋದು, ಅದು ಒಂದು ವರ್ಷ. ಫಿಟ್ಟರ್, ಎಲೆಕ್ಟ್ರಿಷಿಯನ್, ಟರ್ನರ್‌ಗೆ ಎಸ್ಸೆಸ್ಸೆಲ್ಸಿ ಪಾಸಾಗ್ಬೇಕು, ಅವು ಎರಡೆರಡು ವರ್ಷ. ಒಳಗ ಹೋದ್ರ ಬರೇ ಸುತ್ತಿಗಿ ಫೈಲ್ ಅಲ್ಲ, ಟ್ರೇಡ್ ಥಿಯರಿ ಐತಿ, ಇಂಜಿನಿಯರಿಂಗ್ ಡ್ರಾಯಿಂಗ್ ಐತಿ, ವರ್ಕ್‌ಶಾಪ್ ಕ್ಯಾಲ್ಕುಲೇಶನ್ ಅಂಡ್ ಸೈನ್ಸ್ ಅಂತ ಒಂದು ಭಾಗಾನೇ ಐತಿ. ಆ ಪುಸ್ತಕ ತಗದು ನೋಡ್ರಿ, ಭಿನ್ನರಾಶಿ, ದಶಮಾಂಶ, ವರ್ಗಮೂಲ, ಅನುಪಾತ, ಶೇಕಡಾ, ಕ್ಷೇತ್ರಫಲ, ಘನಫಲ, ತ್ರಿಕೋನಮಿತಿ, ಸಾಂದ್ರತೆ, ಉಷ್ಣ, ಎಲ್ಲಾ ಹೈಸ್ಕೂಲಿಂದೇ. ಹೊಸಾದು ಅನ್ನೋದು ಭಾಳ ಕಡಿಮಿ. ಅಂದ್ರ ಐಟಿಐ ನಡಿಯೋದೇ ಹುಡುಗನಿಗೆ ಇದೆಲ್ಲಾ ಬರ್ತೈತಿ ಅಂತ ನಂಬ್ಕೊಂಡು. ಬರ್ಲಿಲ್ಲ ಅಂದ್ರ? ನನಗ ಪರಿಚಯದ ಜೆಟಿಒ (ಐಟಿಐನಾಗ ಕಲಿಸೋ ಕಿರಿಯ ತರಬೇತಿ ಅಧಿಕಾರಿ) ಒಬ್ರು ಅದಾರ, ಅವ್ರು ಹೇಳ್ತಾರ, "ಮೊದಲ ಮೂರು ತಿಂಗಳು ನಾನು ಫಿಟ್ಟರ್ ಇನ್‌ಸ್ಟ್ರಕ್ಟರ್ ಅಲ್ಲ, ಐದನೇ ಕ್ಲಾಸಿನ ಗಣಿತ ಮೇಷ್ಟ್ರು" ಅಂತ. ಆ ಮೂರು ತಿಂಗಳು ಎಲ್ಲಿಂದ ಬಂತು? ಹುಡುಗ ಮಷಿನ್ ಮುಂದ ನಿಂತು ಕೈ ಪಳಗಿಸ್ಬೇಕಾದ ಟೈಮಿನಾಗಿಂದ ಬಂತು.

ಸಣ್ಣ ಅಳತಿ ನೋಡೋ ವರ್ನಿಯರ್ ಕ್ಯಾಲಿಪರ್ ಒಂದನ್ನೇ ತಗೊಳ್ರಿ. ನಮ್ಮ ಶಾಪ್‌ನಾಗ ದಿನಾ ನೂರು ಸಲ ಕೈಗೆ ಬರೋ ಸಾಮಾನು ಅದು. ಮೇನ್ ಸ್ಕೇಲಿನ 49 ಮಿಲಿಮೀಟರ್ ಜಾಗಾನ ಜಾರೋ ಸ್ಕೇಲಿನ ಮ್ಯಾಲೆ 50 ಭಾಗ ಮಾಡಿರ್ತಾರ, ಅಂದ್ರ ಒಂದು ಭಾಗ 0.98 ಮಿಲಿಮೀಟರ್, ಒಂದರಾಗ ಅದನ್ನ ಕಳದ್ರ 0.02, ಅಷ್ಟು ಸಣ್ಣ ಅಳತಿ ಅದರಾಗ ಓದ್ಬೋದು. ದಶಮಾಂಶ ಬರೋ ಹುಡುಗನಿಗೆ ಇದನ್ನ ಹತ್ತು ನಿಮಿಷದಾಗ ಕಲಿಸ್ತೀನಿ. 0.5ಕ್ಕೂ 0.05ಕ್ಕೂ ಫರಕ್ ಗೊತ್ತಿಲ್ದ ಹುಡುಗನಿಗೆ ಎರಡು ತಿಂಗಳಾದ್ರೂ ಬರಂಗಿಲ್ಲ, ಬಂದೈತಿ ಅಂತ ಸುಳ್ಳು ಹೇಳ್ತಾನ, ನಾಚಿಕಿಗೆ. 6310 ಬೇರಿಂಗಿಗೆ ಶಾಫ್ಟ್ 50 ಮಿಲಿಮೀಟರ್ ಇರ್ಬೇಕು (ಆ ನಂಬರಿನ ಕೊನೇ ಎರಡು ಅಂಕಿ 10, ಅದನ್ನ ಐದರಿಂದ ಗುಣಿಸಿದ್ರ ಒಳಗಿನ ತೂತಿನ ಅಳತಿ ಬರ್ತೈತಿ, 6205 ಆದ್ರ 25, ಇದನ್ನ ಹೇಳಿಕೊಟ್ಟ ದಿನ ಹುಡುಗ್ರು ಶಾಪಿನಾಗಿನ ಎಲ್ಲಾ ಬೇರಿಂಗ್ ಡಬ್ಬಿ ತಗದು ಲೆಕ್ಕ ಹಾಕ್ತಾರ). ಆ ಶಾಫ್ಟಿನಾಗ ಅರ್ಧ ಮಿಲಿಮೀಟರ್ ಜಾಸ್ತಿ ತಗದ್ರ ಬೇರಿಂಗ್ ಲೂಸ್, ಇಡೀ ಶಾಫ್ಟ್ ಗುಜರಿಗೆ. ಒಂದು ಸೊನ್ನಿ ತಪ್ಪಿದ್ದಕ್ಕ.

ಇನ್ನೊಂದು ವಿಷಯ ನೋಡ್ರಿ, ವರ್ನಿಯರ್ ಕ್ಯಾಲಿಪರ್ ಅನ್ನೋದು ಪಿಯುಸಿ ಸೈನ್ಸ್ ಹುಡುಗ್ರ ಫಿಸಿಕ್ಸ್ ಲ್ಯಾಬಿನಾಗ ಇರ್ತೈತಿ. ಆ ಹುಡುಗ್ರಾಗ ಎಷ್ಟು ಮಂದಿ ಜೀವನದಾಗ ಅದನ್ನ ಮತ್ತೆ ಮುಟ್ತಾರ? ದಿನಾ ಅದನ್ನೇ ಹಿಡಿದು ಅನ್ನ ದುಡೀಬೇಕಾದ ಹುಡುಗ ಮಾತ್ರ ಎಸ್ಸೆಸ್ಸೆಲ್ಸಿ ಮುಗಿಸಿ ಹೊರಗ ಬರೋವರೆಗೂ ಅದನ್ನ ಕಣ್ಣಿಲೆ ನೋಡಿರಂಗಿಲ್ಲ.

ನಮ್ಮ ಭಾಗದಾಗ ಯಾಕ ಇಷ್ಟು ಹಿಂದ ಬೀಳ್ತಾವ ಮಕ್ಕಳು ಅಂತ ಕೇಳಿದ್ರ, ಉತ್ತರ ಎಲ್ಲಾರಿಗೂ ಗೊತ್ತೈತಿ. ಗುಳೆ. ಸುಗ್ಗಿ ಮುಗೀತು ಅಂದ್ರ ಗಂಡ ಹೆಂಡ್ತಿ ಮಕ್ಕಳು ಗಂಟುಮೂಟಿ ಕಟ್ಕೊಂಡು ಬೆಂಗಳೂರು ಬಸ್ ಹತ್ತತಾರ, ಅಲ್ಲಿ ಕಟ್ಟಡದ ಕೆಲಸ, ಮಕ್ಕಳು ಮರಳಿನ ಗುಡ್ಡಿ ಮ್ಯಾಲೆ ಆಟ. ರಾಯಚೂರು ಕಡಿ ಹತ್ತಿ ಬಿಡಿಸೋ ಸೀಸನ್ ಬಂದ್ರ ಕ್ಲಾಸಿನಾಗ ಅರ್ಧ ಬೆಂಚು ಖಾಲಿ. ತಿರುಗಿ ಬಂದಾಗ ಪಾಠ ಮುಂದ ಹೋಗಿರ್ತೈತಿ. ಇತಿಹಾಸದಾಗ ಒಂದು ಪಾಠ ತಪ್ಪಿದ್ರ ಮುಂದಿನ ಪಾಠ ತಿಳೀತೈತಿ, ಗಣಿತದಾಗ ಹಂಗಿಲ್ಲ, ಭಿನ್ನರಾಶಿ ತಪ್ಪಿಸ್ಕೊಂಡೋನಿಗೆ ಅನುಪಾತ ಹತ್ತಂಗಿಲ್ಲ, ಅನುಪಾತ ಹತ್ತದಿದ್ದೋನಿಗೆ ತ್ರಿಕೋನಮಿತಿ ಅಂದ್ರ ಬರೇ ಗೀಟು. ಕ್ಲಾಸ್ ಮಾತ್ರ ಏರ್ಕೋತ ಹೋಗ್ತಾನ. ನಮಗ ಸಂವಿಧಾನದ 371ಜೆ ವಿಶೇಷ ಸ್ಥಾನಮಾನ ಬಂತು, ಹೆಸರು ಬದಲಾಗಿ ಕಲ್ಯಾಣ ಕರ್ನಾಟಕ ಆತು, ಅಭಿವೃದ್ಧಿ ಮಂಡಳಿಗೆ ದುಡ್ಡು ಬರ್ತೈತಿ, ಕೋಣೆ ಕಟ್ತಾರ, ಅದೂ ಬೇಕು. ಆದ್ರ ಗುಳೆಯಿಂದ ತಿರುಗಿ ಬಂದ ಹುಡುಗನನ್ನ ಕೂಡ್ರಿಸಿ ಬಿಟ್ಟು ಹೋದ ಎರಡು ತಿಂಗಳ ಲೆಕ್ಕ ಕಲಿಸಾಕ ಒಬ್ಬ ಮೇಷ್ಟ್ರನ್ನ ಆ ದುಡ್ಡಿನಾಗ ಇಟ್ರ ಅದರ ಫಲ ಹತ್ತು ವರ್ಷ ಆದ್ಮ್ಯಾಲೆ ನನ್ನಂಥವರ ಶಾಪಿನಾಗ ಕಾಣ್ತೈತಿ.

ಈಗ ನನಗ ಭಾಳ ಸಿಟ್ಟು ಬರೋ ಮಾತಿಗೆ ಬರ್ತೀನಿ. ಹತ್ತನೇ ಕ್ಲಾಸಿನಾಗ ಓದ್ನಾಗ ಹಿಂದಿದ್ದ ಹುಡುಗ್ರಿಗೆ ಪಾಸಿಂಗ್ ಪ್ಯಾಕೇಜ್ ಅಂತ ಕೊಡ್ತಾರ, ಪಾಸಾಗೋವಷ್ಟು ಮಾತ್ರ ಓದು, ಉಳಿದಿದ್ದು ಬಿಡು ಅಂತ. ಮೇಷ್ಟ್ರ ಮ್ಯಾಲೆ ರಿಸಲ್ಟಿನ ಒತ್ತಡ ಇರ್ತೈತಿ, ಅದನ್ನ ನಾನು ಒಪ್ತೀನಿ, ಫೇಲಾಗಿ ಮನ್ಯಾಗ ಕೂಡೋದಕ್ಕಿಂತ ಪಾಸಾಗೋದು ಮೇಲು. ಆದ್ರ ಅದರ ಜೋಡಿ ಒಂದು ಮಾತು ಹೇಳ್ತಾರ ನೋಡ್ರಿ, "ನೀ ಹೆಂಗಿದ್ರೂ ಐಟಿಐಗೆ ಹೋಗೋನು, ನಿನಗ್ಯಾಕ ತ್ರಿಕೋನಮಿತಿ" ಅಂತ. ಈ ಮಾತು ನನಗೂ ಹೇಳಿದ್ರು, ನನ್ನ ಹತ್ರ ಬಂದ ಎಷ್ಟೋ ಹುಡುಗ್ರಿಗೂ ಹೇಳ್ಯಾರ. ತ್ರಿಕೋನಮಿತಿ ಬೇಕಾಗಿರೋದೇ ಅವನಿಗ್ರಿ! ಒಂದು ಶಾಫ್ಟಿನ ತುದಿ 40 ಮಿಲಿಮೀಟರಿನಿಂದ 30ಕ್ಕ ಇಳಿಸ್ಬೇಕು, 50 ಮಿಲಿಮೀಟರ್ ಉದ್ದದೊಳಗ, ಟೇಪರ್ ಅಂತೀವಿ ಅದಕ್ಕ. ಲೇತಿನ ಸ್ಲೈಡ್ (ಟೂಲ್ ಹಿಡಿಯೋ ಭಾಗ) ಎಷ್ಟು ಡಿಗ್ರಿ ತಿರುಗಿಸ್ಬೇಕು? 40ರಾಗ 30 ಕಳದ್ರ 10, ಅದನ್ನ ಉದ್ದದ ಎರಡರಷ್ಟು 100ರಿಂದ ಭಾಗಿಸಿದ್ರ 0.1, ಯಾವ ಕೋನದ ಟ್ಯಾನ್ 0.1 ಐತಿ ಅಂತ ನೋಡಿದ್ರ ಐದೂ ಮುಕ್ಕಾಲು ಡಿಗ್ರಿ ಹತ್ರ. ಇಷ್ಟೇ. ಇದು ಬರದ ಹುಡುಗ ಅಂದಾಜಿಗೆ ತಿರುಗಿಸಿ, ಕಟ್ ಮಾಡಿ ನೋಡಿ, ಮತ್ತೆ ತಿರುಗಿಸಿ, ಮತ್ತೆ ಕಟ್ ಮಾಡಿ, ಮೂರು ತಾಸು ಮತ್ತು ಒಂದು ತುಂಡು ಉಕ್ಕು ಹಾಳು ಮಾಡ್ತಾನ, ಮತ್ತ ಜೀವನಪೂರ್ತಿ ಹೆಲ್ಪರ್ ಆಗೇ ಉಳೀತಾನ, ಸೆಟ್ಟಿಂಗ್ ಮಾಡೋನು ಯಾವಾಗ್ಲೂ ಬ್ಯಾರೆಯವನೇ ಇರ್ತಾನ.

ಅದಕ್ಕ ಕೆಲವ್ರು ಹೇಳೋ ಇನ್ನೊಂದು ಮಾತನ್ನೂ ನಾನು ಒಪ್ಪಂಗಿಲ್ಲ. ಓದು ಹತ್ತದ ಮಕ್ಕಳಿಗೆ ಎಂಟನೇ ಕ್ಲಾಸಿನಿಂದಾನೇ ಕೆಲಸ ಕಲಿಸಿಬಿಡ್ರಿ, ಸುಮ್ನೆ ಯಾಕ ಪೈಥಾಗೋರಸ್ ಅಂತಾರ. ಹದಿಮೂರು ವರ್ಷದ ಹುಡುಗ ತಾನು ವೆಲ್ಡರ್ ಆಗ್ಬೇಕೋ ನರ್ಸ್ ಆಗ್ಬೇಕೋ ಅಂತ ಹೆಂಗ್ ತೀರ್ಮಾನ ಮಾಡ್ತಾನ? ಮತ್ತ ಕೆಲಸಾನೂ ಒಂದೇ ಥರ ಇರಂಗಿಲ್ಲ. ನಾನು ಕಲ್ತಾಗ ಕೈ ಲೇತು. ಈಗ ನಮ್ಮ ಹುಡುಗ್ರು ಬೆಂಗಳೂರಿನ ಪೀಣ್ಯಕ್ಕ ಹೋದ್ರ ಮುಂದ ನಿಲ್ಲೋದು ಕಂಪ್ಯೂಟರ್ ಹೇಳಿದಂಗ ಕೊರಿಯೋ ಸಿಎನ್‌ಸಿ ಮಷಿನ್, ಅದಕ್ಕ ಟೂಲ್ ಎಲ್ಲಿಗೆ ಹೋಗ್ಬೇಕು ಅಂತ ಎಕ್ಸ್ ಎಷ್ಟು, ಝೆಡ್ ಎಷ್ಟು ಅಂತ ಬರ್ದು ಹೇಳ್ಬೇಕು, ಅದು ಒಂಬತ್ತನೇ ಕ್ಲಾಸಿನ ನಿರ್ದೇಶಾಂಕದ ಪಾಠ, ಗ್ರಾಫ್ ಹಾಳಿ ಮ್ಯಾಲೆ ಚುಕ್ಕಿ ಇಡೋದೇ. ನನ್ನ ಶಾಪಿನಿಂದ ಹೋದ ಹುಡುಗ್ರಾಗ ಗ್ರಾಫ್ ತಿಳಿದೋರು ಆರು ತಿಂಗಳದಾಗ ಪ್ರೋಗ್ರಾಮ್ ಹಾಕೋದು ಕಲ್ತು ಸಂಬಳ ಏರಿಸ್ಕೊಂಡ್ರು, ತಿಳೀದೋರು ಬಟನ್ ಒತ್ತಿ ಜಾಬ್ (ಕೊರಿಯೋ ತುಂಡು) ತಗದು ಜಾಬ್ ಹಾಕೋದ್ರಾಗೇ ಅದಾರ. ಇಬ್ರ ಕೈನೂ ಒಂದೇ, ನಾನೇ ಪಳಗಿಸಿದ್ದು.

2024ರ ಆಗಸ್ಟ್ 10ರ ರಾತ್ರಿ ನೆನಪಿರ್ಬೇಕು ಎಲ್ಲಾರಿಗೂ. ನಮ್ಮ ತುಂಗಭದ್ರಾ ಡ್ಯಾಮಿನ 33 ಗೇಟಿನಾಗ 19ನೇ ಗೇಟಿನ ಚೈನ್ ಕಟ್ಟಾಗಿ ಗೇಟ್ ಕೊಚ್ಚಿ ಹೋತು, ತುಂಬಿದ ಡ್ಯಾಮು, ನೀರು ಹರಿದು ಹೋಗಾಕತ್ತಿತ್ತು, ಕೊಪ್ಪಳ, ರಾಯಚೂರು, ಬಳ್ಳಾರಿ ಮೂರು ಜಿಲ್ಲೆ ರೈತ್ರು ಎದಿ ಮ್ಯಾಲೆ ಕೈ ಇಟ್ಕೊಂಡು ಕುಂತಿದ್ರು. ರಿಟೈರಾದ ತಜ್ಞ ಕನ್ನಯ್ಯ ನಾಯ್ಡು ಅವ್ರು ಬಂದ್ರು, ಹರಿಯೋ ನೀರಿನಾಗೇ ಸ್ಟಾಪ್‌ಲಾಗ್ (ನೀರು ತಡಿಯೋ ಉಕ್ಕಿನ ಹಲಗಿ) ಇಳಿಸಿ ಒಂದು ವಾರದಾಗ ನೀರು ನಿಲ್ಲಿಸಿದ್ರು. ಎಲ್ಲಾರೂ ಅವ್ರಿಗೆ ಕೈ ಮುಗುದ್ರು, ಮುಗೀಲೇಬೇಕು. ಆದ್ರ ನಾನು ಟಿವಿ ಮುಂದ ಕುಂತು ನೋಡ್ತಿದ್ದುದು ಆ ಉಕ್ಕಿನ ಹಲಗಿಗಳನ್ನ. ಅರವತ್ತು ಅಡಿ ಉದ್ದದ ಹಲಗಿ, ಗೇಟಿನ ಸಂದಿಯೊಳಗ ಇಳೀಬೇಕು, ಒಂದರ ಮ್ಯಾಲೆ ಒಂದು ಕೂಡ್ಬೇಕು, ಅಳತಿ ತಪ್ಪಿದ್ರ ತಿರುಗಿ ತಗೊಂಡು ಹೋಗಿ ಕೊಯ್ಯಾಕ ಟೈಮ್ ಇಲ್ಲ. ಅವನ್ನ ಹಗಲೂ ರಾತ್ರಿ ಕೂತು ಮಾಡಿದೋರು ನಮ್ಮಂಥ ಫಿಟ್ಟರು, ವೆಲ್ಡರು, ಕ್ರೇನ್ ಆಪರೇಟರು. ಅವ್ರು ಡ್ರಾಯಿಂಗ್ ಓದ್ಯಾರ, ಕರ್ಣದ ಅಳತಿ ಎರಡೂ ಕಡಿ ಹಿಡಿದು ಚೌಕ ಸರಿ ಐತೋ ಇಲ್ಲೋ ನೋಡ್ಯಾರ, ಅದು ಯಾವುದೋ ಊರಿನ ಶಾಲಿಯಾಗ ಕಲ್ತ ಆಯತದ ಪಾಠ. ನಮ್ಮ ಗದ್ದೆಗೆ ಆ ವರ್ಷ ನೀರು ಉಳಿದಿದ್ದು ಅದರಿಂದಾನೂ ಹೌದು.

ಹೋದ ವರ್ಷ ಕಾರಟಗಿ ಹತ್ರದ ಒಂದು ಸರ್ಕಾರಿ ಹೈಸ್ಕೂಲಿನ ಗಣಿತ ಮೇಡಂ, ಅವ್ರ ತಮ್ಮ ನನ್ನ ಗಿರಾಕಿ, "ಅಣ್ಣಾರೇ, ಒಂದು ಶನಿವಾರ ಬಂದು ನಮ್ಮ ಮಕ್ಕಳಿಗೆ ನಿಮ್ಮ ಕೆಲಸ ತೋರಿಸ್ರಿ" ಅಂತ ಕರದ್ರು. ನಾನು ಭಾಷಣ ಮಾಡೋನಲ್ಲ. ಟೇಪು, ವರ್ನಿಯರು, ಮೂಲೆಮಟ್ಟ, ರಸಮಟ್ಟ, ಒಂದು ಮೀಟರಿನ 12 ಎಂಎಂ ಸರಳಿನ ತುಂಡು, ಮನ್ಯಾಗಿಂದು ಅಡಿಗಿ ತಕ್ಕಡಿ, ಇಷ್ಟು ಚೀಲದಾಗ ಹಾಕ್ಕೊಂಡು ಹೋದೆ. ಮನಿ ಕಟ್ಟೋ ಮೇಸ್ತ್ರಿಗಳು ಸರಳಿನ ತೂಕಕ್ಕ ಒಂದು ಲೆಕ್ಕ ಹಾಕ್ತಾರ, ಸರಳಿನ ದಪ್ಪದ ವರ್ಗ ಮಾಡಿ 162ರಿಂದ ಭಾಗಿಸೋದು, ಒಂದು ಮೀಟರಿನ ತೂಕ ಕಿಲೋದಾಗ ಬರ್ತೈತಿ. 12ರ ವರ್ಗ 144, 162ರಿಂದ ಭಾಗಿಸಿದ್ರ 0.889, ಅಂದ್ರ 889 ಗ್ರಾಂ. ಹತ್ತನೇ ಕ್ಲಾಸಿನ ಮಕ್ಕಳೇ ಲೆಕ್ಕ ಹಾಕಿದ್ರು. ಆ 162 ಎಲ್ಲಿಂದ ಬಂತು ಅಂತ ಒಬ್ಬ ಹುಡುಗ ಕೇಳ್ದ. ನಾನು ಬಾಯಿ ತಗಿಯೋದ್ರಾಗ ಮೇಡಂ ಬೋರ್ಡಿಗೆ ಹೋದ್ರು, ವೃತ್ತದ ಕ್ಷೇತ್ರಫಲ ಪೈ ಆರ್ ಸ್ಕ್ವೇರ್ ಬರದ್ರು, ಉಕ್ಕಿನ ಸಾಂದ್ರತೆ ಘನ ಮೀಟರಿಗೆ 7850 ಕಿಲೋ ಬರದ್ರು, ಮಿಲಿಮೀಟರನ್ನ ಮೀಟರ್ ಮಾಡಿದ್ರು, ಎಲ್ಲಾ ಗುಣಿಸಿ ಭಾಗಿಸಿ ಬಂದಾಗ ಕೆಳಗ 162 ಅಂತ ಉಳೀತು. ಕ್ಲಾಸ್ ತುಂಬ ಒಂದು ಥರ ಸದ್ದು ಬಂತ್ರಿ, ಓಹೋ ಅಂತ. 26 ವರ್ಷದಿಂದ ಆ 162 ಹಾಕ್ತಿದ್ದ ನನಗೂ ಅದು ಎಲ್ಲಿಂದ ಬರ್ತೈತಿ ಅಂತ ಅವತ್ತೇ ತಿಳೀತು.

ಆಮ್ಯಾಲೆ ತಕ್ಕಡಿ ಮ್ಯಾಲೆ ಇಟ್ರ 876 ಗ್ರಾಂ ಬಂತು. ಹದಿಮೂರು ಗ್ರಾಂ ಕಡಿಮಿ. ಮಕ್ಕಳು ಒಬ್ಬೊಬ್ರು ಒಂದೊಂದು ಹೇಳಾಕತ್ರು, ತಕ್ಕಡಿ ಸರಿ ಇಲ್ಲ, ಸರಳಿನ ಮ್ಯಾಲೆ ಗೀಟು ಅದಾವ ಅದಕ್ಕ, ತುಕ್ಕು ಹಿಡಿದೈತಿ, ಹಿಂಗ. ಹಿಂದಿನ ಬೆಂಚಿನ ಒಬ್ಬಾಕಿ ಹುಡುಗಿ ಏನೂ ಮಾತಾಡ್ಲಿಲ್ಲ, ಎದ್ದು ಬಂದು ಟೇಪ್ ತಗೊಂಡು ಸರಳು ಅಳದ್ಳು. 98.5 ಸೆಂಟಿಮೀಟರ್ ಇತ್ತು! ಶಾಪಿನಾಗ ಅವಸರಕ್ಕ ಕಟ್ ಮಾಡಿದ್ದು, ಒಂದೂವರೆ ಸೆಂಟಿಮೀಟರ್ ಕಡಿಮಿ ಆಗಿತ್ತು. ಆಕಿ ಬೋರ್ಡ್ ಮ್ಯಾಲೆ 0.889ನ್ನ 0.985ರಿಂದ ಗುಣಿಸಿ ತೋರಿಸಿದ್ಳು, 876 ಗ್ರಾಂ ಬಂತು. ನಾನು ಎದ್ದು ನಿಂತು ಆಕಿಗೆ ಕೈ ಕೊಟ್ಟೆ. ಅನುಮಾನ ಬಂದಾಗ ಮಾತಾಡ್ಕೋತ ಕೂಡದೆ ಎದ್ದು ಹೋಗಿ ಅಳೀಬೇಕು ಅನ್ನೋದು, ಸರ್, ಇದನ್ನ ಕಲಿಸಾಕ ನನಗ ಶಾಪಿನಾಗ ಒಬ್ಬೊಬ್ಬ ಹುಡುಗನಿಗೆ ಎರಡೆರಡು ವರ್ಷ ಹಿಡಿತೈತಿ, ಆಕಿಗೆ ಅದು ಶಾಲಿಯಾಗೇ ಬಂದೈತಿ.

ಆ ಹುಡುಗಿ ಅಪ್ಪ ಹಮಾಲಿ ಮಾಡ್ತಾರ, ಹತ್ತು ಮುಗಿದ್ಮ್ಯಾಲೆ ಓದಿಸ್ತಾರೋ ಇಲ್ಲೋ ಗೊತ್ತಿಲ್ಲ ಅಂತ ಮೇಡಂ ಹೇಳಿದ್ರು. ಇದನ್ನ ಕೇಳಿ ನನಗ ಬಳ್ಳಾರಿ ಜೀನ್ಸ್ ಯೂನಿಟ್ ನೆನಪಾತು, ನಮ್ಮ ಸಂಬಂಧಿಕರ ಮನಿ ಅಲ್ಲೈತಿ, ಹೋದಾಗ ನೋಡ್ತೀನಿ. ಹೊಲಿಯೋರ ಸಾಲಿನಾಗ ಹೆಣ್ಮಕ್ಕಳು ಭಾಳ ಮಂದಿ, ಕಟಿಂಗ್ ಟೇಬಲ್ ಹತ್ರ ನಾ ನೋಡಿದಾಗೆಲ್ಲಾ ಗಂಡಸೇ. ಕಟಿಂಗ್ ಮಾಸ್ಟರ್ ಅಂದ್ರ ಬಟ್ಟಿ ಅಗಲಕ್ಕ ಪ್ಯಾಟರ್ನ್ ಹೆಂಗ್ ಕೂಡಿಸಿದ್ರ ಕಡಿಮಿ ಬಟ್ಟಿ ವೇಸ್ಟ್ ಆಗ್ತೈತಿ ಅಂತ ಲೆಕ್ಕ ಹಾಕೋನು, ಅವನ ಪಗಾರಾನೂ ಜಾಸ್ತಿ. ಹೊಲಿಯೋ ಹೆಣ್ಮಗಳಿಗೆ ಆ ಲೆಕ್ಕ ಬರಂಗಿಲ್ಲ ಅಂತಲ್ಲ, ಏಳನೇ ಕ್ಲಾಸಿಗೆ ಶಾಲಿ ಬಿಡಿಸಿದ್ರು, ಅಷ್ಟೇ.

ಓದೋದು ಬರ್ಯೋದರ ಬಗ್ಗೆನೂ ಒಂದು ಮಾತು. ಎಲ್ಲಾರೂ ಇಂಗ್ಲಿಷ್ ಇಂಗ್ಲಿಷ್ ಅಂತಾರ, ನಮ್ಮ ಕೆಲಸದ ಶಬ್ದ ಎಲ್ಲಾ ಇಂಗ್ಲಿಷೇ, ಹುಡುಗ್ರು ಒಂದು ತಿಂಗಳದಾಗ ಕಲೀತಾರ, ಅದು ದೊಡ್ಡ ತೊಂದರಿ ಅಲ್ಲ. ತೊಂದರಿ ಇರೋದು ಕನ್ನಡದಾಗ. ನನ್ನ ಶಾಪಿನಾಗ ಜಾಬ್ ಕಾರ್ಡ್ ಇಟ್ಟೀನಿ, ಏನು ಸಾಮಾನು ಬಂತು, ಏನು ಕೆಟ್ಟಿತ್ತು, ಏನು ಮಾಡಿದ್ವಿ, ಅಳತಿ ಎಷ್ಟು, ನಾಲ್ಕು ಸಾಲು. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗ ಆ ನಾಲ್ಕು ಸಾಲು ಬರಿಯಾಕ ಹೆದರ್ತಾನ. ಪ್ರಬಂಧ ಬಾಯಿಪಾಠ ಮಾಡಿ ಬರ್ದಾನ, ಕಣ್ಣಿಂದ ನೋಡಿದ್ದನ್ನ ತನ್ನ ಮಾತಿನಾಗ ಬರ್ದು ಗೊತ್ತಿಲ್ಲ. "ವೈರ್ ಬಿಚ್ಚೋಕಿಂತ ಮೊದಲು ಮೇನ್ ಆಫ್ ಮಾಡಿ, ಟೆಸ್ಟರ್ ಹಚ್ಚಿ ನೋಡಿ" ಅನ್ನೋ ಬೋರ್ಡ್ ಓದ್ತಾನ, ಓದಿದ್ದು ತನಗ ಹೇಳಿದ್ದು ಅಂತ ಹತ್ತಂಗಿಲ್ಲ. ಇದರಾಗ ಜೀವದ ಪ್ರಶ್ನಿ ಐತಿ.

ಕೆಲಸ ಮತ್ತು ಓದು ಕೂಡಿಸ್ರಿ ಅಂತ ಹೇಳಿದೋರು ಮೊದಲಿಂದ ಅದಾರ. 1937ರಾಗ ಗಾಂಧೀಜಿ ವಾರ್ಧಾದಾಗ ನಯೀ ತಾಲೀಮ್ ಅಂದ್ರು, 1964ರಿಂದ 66ರ ಕೊಠಾರಿ ಆಯೋಗ ಕಾರ್ಯಾನುಭವ ಅಂತು, ಆಮ್ಯಾಲೆ ಎಸ್‌ಯುಪಿಡಬ್ಲ್ಯು (ಸಮಾಜಕ್ಕ ಉಪಯೋಗ ಆಗೋ ಉತ್ಪಾದಕ ಕೆಲಸ) ಬಂತು, ನಾವು ಶಾಲಿಯಾಗಿದ್ದಾಗ ಆ ಪಿರಿಯಡ್ ಅಂದ್ರ ಅಂಗಳದ ಕಸ ತಗದು ಗಿಡಕ್ಕ ನೀರು ಹಾಕೋದು ಅಷ್ಟೇ ಆಗಿತ್ತು. ಈಗ 2020ರ ಹೊಸ ಶಿಕ್ಷಣ ನೀತಿನಾಗ ಆರರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಹತ್ತು ದಿನ ಬ್ಯಾಗ್ ಇಲ್ದೆ ಊರಿನ ಕಸುಬುದಾರರ ಹತ್ರ ಕಲಿಯೋದು ಅಂತ ಬರ್ದಾರ. ನಮ್ಮ ರಾಜ್ಯದ ಕೆಲವು ಹೈಸ್ಕೂಲಿನಾಗ ಒಂಬತ್ತನೇ ಕ್ಲಾಸಿನಿಂದ ಮೂರನೇ ಭಾಷಾ ಬದ್ಲಿ ಆಟೋಮೊಬೈಲ್, ಐಟಿ, ರಿಟೇಲ್ ಅಂತ ಒಂದು ವಿಷಯ ತಗೋಬೋದು. ಚಲೋನೇ. ಆದ್ರ ನನ್ನ ಅಭಿಪ್ರಾಯ ಏನಂದ್ರ, ಕೆಲಸಕ್ಕ ಅಂತ ಬ್ಯಾರೆ ಪಿರಿಯಡ್ ಮಾಡಿದ ಕೂಡ್ಲೆ ಅದು ಬ್ಯಾರೇನೇ ಆಗಿ ಉಳೀತೈತಿ, ಗಣಿತ ತನ್ನಷ್ಟಕ್ಕ ತಾನು ಬೋರ್ಡ್ ಮ್ಯಾಲೆ ಉಳೀತೈತಿ. ಅಳತಿ ಅನ್ನೋದು ಗಣಿತದ ಪಿರಿಯಡ್ಡಿನೊಳಗೇ ಬರ್ಬೇಕು, ಓಮ್‌ನ ನಿಯಮ ಕಲಿಸೋ ದಿನಾನೇ ಶಾಲಿ ಬೋರ್‌ವೆಲ್ಲಿನ ಸ್ಟಾರ್ಟರ್ ತಗದು ತೋರಿಸ್ಬೇಕು, ಕನ್ನಡ ಪಿರಿಯಡ್ಡಿನಾಗ ಪಂಕ್ಚರ್ ಅಂಗಡಿಗೆ ಹೋಗಿ ನೋಡಿ ಬಂದು ಹೆಂಗ್ ಪಂಕ್ಚರ್ ಹಾಕಿದ್ರು ಅಂತ ಹತ್ತು ಸಾಲು ಬರಸ್ಬೇಕು. ಕಿನ್ನಾಳದ ಗೊಂಬಿ ಮಾಡೋರ ಮನಿ ಮಕ್ಕಳು ಕೊಪ್ಪಳ ಶಾಲಿಯಾಗ ಅನುಪಾತ ಕಲಿಯೋವಾಗ ಅಪ್ಪ ಗೊಂಬಿ ಮುಖಕ್ಕ ಮೈಗೆ ಅಳತಿ ಹಿಡಿಯೋದನ್ನ ಯಾರಾದ್ರೂ ನೆನಪು ಮಾಡಿಕೊಟ್ರ ಸಾಕು.

ಇದಕ್ಕ ಕೋಟಿ ದುಡ್ಡು ಬೇಕಾಗಿಲ್ಲ. ಹೈಸ್ಕೂಲಿಗೆ ಒಂದೊಂದು ಪೆಟ್ಟಿಗಿ, ಅದರಾಗ ನಾಲ್ಕು ಟೇಪು, ಎರಡು ವರ್ನಿಯರು, ಮೂಲೆಮಟ್ಟ, ರಸಮಟ್ಟ, ಒಂದು ತಕ್ಕಡಿ, ಒಂದು ಮಲ್ಟಿಮೀಟರು, ಒಡದ ಬೇರಿಂಗು ಹಳೇ ಪುಲ್ಲಿ ನಮ್ಮಂಥ ಶಾಪಿನವ್ರೇ ಪುಕ್ಕಟೆ ಕೊಡ್ತೀವಿ. ಐಟಿಐ ಅಡ್ಮಿಶನ್ ಆದ ಮೊದಲ ತಿಂಗಳು ಮಷಿನ್ ಮುಟ್ಟಿಸೋಕಿಂತ ಮೊದಲು ಹುಡುಗ್ರಿಗೆ ಏನು ಬರ್ತೈತಿ ಏನು ಬರಂಗಿಲ್ಲ ಅಂತ ನೋಡಿ, ಬರದಿದ್ದೋರಿಗೆ ಬ್ಯಾರೆ ಬ್ಯಾಚ್ ಮಾಡಿ ಲೆಕ್ಕ ಕಲಿಸ್ರಿ, ಅದಕ್ಕ ಗಣಿತ ಓದಿದ ಗೆಸ್ಟ್ ಮೇಷ್ಟ್ರನ್ನ ಇಡ್ರಿ, ಜೆಟಿಒ ಮ್ಯಾಲೆ ಹಾಕ್ಬ್ಯಾಡ್ರಿ. ಮತ್ತ ಹೈಸ್ಕೂಲ್ ಗಣಿತ, ವಿಜ್ಞಾನದ ಮೇಷ್ಟ್ರುಗಳಿಗೆ ವರ್ಷಕ್ಕ ಮಾಡೋ ಟ್ರೇನಿಂಗಿನಾಗ ಎರಡು ದಿನ ಐಟಿಐ ವರ್ಕ್‌ಶಾಪಿನಾಗ ಇರ್ಲಿ. ತಾವು ಕಲಿಸಿದ ಟ್ಯಾನ್ ತೀಟಾ ಲೇತಿನ ಮ್ಯಾಲೆ ತಿರುಗೋದನ್ನ ಒಂದು ಸಲ ಕಣ್ಣಾರೆ ಕಂಡ ಮೇಷ್ಟ್ರು, "ನಿನಗ್ಯಾಕ ತ್ರಿಕೋನಮಿತಿ" ಅಂತ ಮತ್ತೆ ಯಾವ ಹುಡುಗನಿಗೂ ಹೇಳಂಗಿಲ್ಲ.

ಆ 98.5 ಸೆಂಟಿಮೀಟರಿನ ಸರಳು ನಾನು ವಾಪಸ್ ತರ್ಲಿಲ್ಲ, ಮೇಡಂ ಇಟ್ಕೊಂಡ್ರು, ಪ್ರತಿ ವರ್ಷ ಹೊಸ ಕ್ಲಾಸಿಗೆ ಒಂದು ಮೀಟರ್ ಅಂತ ಹೇಳೇ ಕೊಡ್ತೀನಿ, ಯಾರು ಎದ್ದು ಅಳೀತಾರೋ ನೋಡ್ತೀನಿ ಅಂದ್ರು. ನಮ್ಮ ಶಾಪಿಗೆ ಶನಿವಾರ ಮಧ್ಯಾಹ್ನದ ಮ್ಯಾಲೆ ಕೆಲಸ ಕಡಿಮಿ ಇರ್ತೈತಿ. ಗಂಗಾವತಿ, ಕಾರಟಗಿ, ಕನಕಗಿರಿ ತಾಲೂಕಿನ ಯಾವ ಶಾಲಿಯವ್ರು ಕರದ್ರೂ ಚೀಲ ತಗೊಂಡು ಬರ್ತೀನಿ, ಆ ಪುಲ್ಲಿ ಹಾಕಿದ ಹುಡುಗನೂ ಜೋಡಿ ಬರ್ತೀನಿ ಅಂದಾನ, ಅವ ಈಗ 4 ಇಂಚಿಂದು ಮತ್ತ 10 ಇಂಚಿಂದು ಎರಡು ಪುಲ್ಲಿ ಒಂದು ಹಲಗಿಗೆ ಕೂಡ್ರಿಸಿ ಕೈಲೆ ತಿರುಗಿಸಿ ತೋರಿಸೋ ಹಂಗ ಮಾಡಿ ಇಟ್ಕೊಂಡಾನ.

ಇಂತಿ ನಿಮ್ಮ ಪತ್ರಿಕೆಯ ಓದುಗ,
ಒಬ್ಬ ಲೇತ್ ವರ್ಕ್‌ಶಾಪಿನವ, ಗಂಗಾವತಿ, ಕೊಪ್ಪಳ ಜಿಲ್ಲೆ